ಸೀಟಿ ಊದಿದ ಮೇಲೆ ಯಾರೂ ತಟ್ಟಬಾರದು

ನಮ್ಮ ಅಕ್ಕನನ್ನು ಬಡಾವಣೆಯವರೆಲ್ಲ ಸೀಟಿ ಟೀಚರ್ ಎಂದು ಕರೆಯುತ್ತಿದ್ದರು. ಶಾಲೆಯಲ್ಲಿ ಮಕ್ಕಳಿಗೆ ವ್ಯಾಯಾಮ ಹೇಳಿಕೊಡುತ್ತಿದ್ದವಳು ನಿವೃತ್ತಿಯಾದ ಮೇಲೂ ಕೊರಳಿನ ಸೀಟಿಯನ್ನು ಇಳಿಸಲಿಲ್ಲ. ಮಕ್ಕಳು ತಪ್ಪಿಸಿಕೊಂಡರು, ದೊಡ್ಡವರು ಸಿಕ್ಕಿಬಿದ್ದರು ಎಂದು ನಾನು ಅವಳ ಎದುರಿಗೇ ಹೇಳುತ್ತಿದ್ದೆ. ಅವಳು ನಗುತ್ತಿರಲಿಲ್ಲ. ಅಕ್ಕನಿಗೆ ಹಾಸ್ಯ ಅರ್ಥವಾಗುತ್ತಿತ್ತು, ಆದರೆ ಅದಕ್ಕೆ ಪುರುಸೊತ್ತು ಇರಲಿಲ್ಲ.

ನಗರದ ಅಡಿಯಲ್ಲಿ ಭೂಮಿ ಸೀಳಿಕೊಂಡಿದೆ, ಯಾವತ್ತಾದರೂ ಒಂದು ದಿನ ದೊಡ್ಡದಾಗಿ ನಡುಗುತ್ತದೆ ಎಂದು ತಿಳಿದವರು ಹೇಳುತ್ತಲೇ ಇದ್ದರು. ನಗರಸಭೆಯವರು ಪ್ರತಿ ಬಡಾವಣೆಯಲ್ಲೂ ಒಂದು ರಕ್ಷಣಾ ತಂಡ ಕಟ್ಟಿಕೊಳ್ಳಿ ಎಂದು ಹೇಳಿ, ಒಂದಷ್ಟು ಹಾರೆ, ಒಂದಷ್ಟು ಹಳದಿ ಕೈಗವಸು ಕೊಟ್ಟು ಕೈ ತೊಳೆದುಕೊಂಡರು. ಬೇರೆ ಬಡಾವಣೆಗಳಲ್ಲಿ ಆ ಕೈಗವಸುಗಳು ತೋಟದ ಕೆಲಸಕ್ಕೆ ಹೋದವು. ನಮ್ಮಲ್ಲಿ ಮಾತ್ರ ಅಕ್ಕ ಇದ್ದಳು.

ಅವಳು ಮನೆಮನೆಗೆ ಹೋದಳು. ಬೀರುಗಳನ್ನು ಕಬ್ಬಿಣದ ಪಟ್ಟಿ ಹಾಕಿ ಗೋಡೆಗೆ ಬಿಗಿಸಿ ಎಂದಳು. ಮಂಚದ ಮೇಲ್ಗಡೆ ಭಾರದ ಸಾಮಾನು ಇಡಬೇಡಿ, ಗ್ಯಾಸ್ ಮುಚ್ಚುವುದನ್ನು ಮನೆಯ ಚಿಕ್ಕವರಿಗೂ ಕಲಿಸಿ, ಬಾಗಿಲ ಬಳಿ ಒಂದು ಚೀಲದಲ್ಲಿ ನೀರಿನ ಬಾಟಲಿ, ಟಾರ್ಚು, ಗಟ್ಟಿ ಚಪ್ಪಲಿ ಇಡಿ ಎಂದಳು. ನಡುಕ ಶುರುವಾದರೆ ಅಡುಗೆಮನೆಯಲ್ಲಿ ನಿಲ್ಲಬೇಡಿ, ಮೆಟ್ಟಿಲ ಕಡೆ ಓಡಬೇಡಿ, ಗಟ್ಟಿ ಮೇಜಿನ ಕೆಳಗೆ ಸೇರಿಕೊಳ್ಳಿ ಎಂದಳು. ಜನ ಹೂಂ ಹೂಂ ಎನ್ನುತ್ತಿದ್ದರು. ಅವಳು ಮೂಲೆ ತಿರುಗಿದ ಕೂಡಲೇ ಮೂಗು ಮುರಿಯುತ್ತಿದ್ದರು.

"ಟೀಚರ್, ಭೂಕಂಪ ಯಾವ ವಾರ ಇಟ್ಕೊಂಡಿದ್ದೀರಿ? ಅವತ್ತು ಅಂಗಡಿ ರಜಾ ಮಾಡ್ತೀನಿ," ಎಂದು ಹಿಂದಿನ ಗಲ್ಲಿಯ ಔಷಧಿ ಅಂಗಡಿಯವನು ಕೇಳಿದ.

"ನೀನು ರಜಾ ಮಾಡ್ಬೇಡ. ಅವತ್ತೇ ನಿನ್ನ ಅಂಗಡಿ ಬೇಕಾಗೋದು," ಎಂದಳು ಅಕ್ಕ. ಅಷ್ಟು ಹೇಳಿ ಅವನನ್ನೇ ಹಿಂದಿನ ಗಲ್ಲಿಯ ತಂಡಕ್ಕೆ ಮುಖಂಡನನ್ನಾಗಿ ಮಾಡಿದಳು. ಮುಂದಿನ ಬೀದಿಯ ತಂಡ ನನ್ನ ಕುತ್ತಿಗೆಗೆ ಬಿತ್ತು. ನಾನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ದಿನವಿಡೀ ಬಸ್ಸಿನ ಅಡಿಯಲ್ಲಿ ಮಲಗಿ ಬಂದವನಿಗೆ ರಜೆಯ ದಿನ ಮೈದಾನದಲ್ಲಿ ಹಾರೆ ಹಿಡಿಸುವ ಅಕ್ಕ ಯಾರಿಗೂ ಬೇಡ. ಆದರೂ ಹೋಗುತ್ತಿದ್ದೆ. ಅವಳ ಮಾತಿಗೆ ಇಲ್ಲ ಎಂದು ಹೇಳಿ ಅಭ್ಯಾಸವಿರಲಿಲ್ಲ.

ಅವಳಿಗಿದ್ದ ದೊಡ್ಡ ಚಿಂತೆ ಅವಳದೇ ಕಟ್ಟಡ. ಅದು ಮುಂದಿನ ಬೀದಿಯಿಂದ ಹಿಂದಿನ ಗಲ್ಲಿಯವರೆಗೂ ಚಾಚಿಕೊಂಡಿತ್ತು. ಕೆಳಗೆ ಗೋಡೆಯೇ ಇಲ್ಲ, ಬರೀ ಸಪೂರ ಕಂಬಗಳು, ಅವುಗಳ ನಡುವೆ ಗಾಡಿಗಳು. ಮೇಲೆ ಮಹಡಿಯ ಮೇಲೆ ಮಹಡಿ. ಅಕ್ಕನ ಮನೆ ಮೊದಲ ಮಹಡಿಯಲ್ಲಿ. ಅವಳು ಬೆನ್ನುಬಿದ್ದು ಒಬ್ಬ ಎಂಜಿನಿಯರನ್ನು ಕರೆತಂದಳು. ಆತ ಕಂಬಗಳನ್ನು ತಟ್ಟಿ ನೋಡಿ, ಇವಕ್ಕೆ ಸುತ್ತ ಉಕ್ಕು ಕಟ್ಟಿ ದಪ್ಪ ಮಾಡಬೇಕು, ನಡುವೆ ಅಲ್ಲಲ್ಲಿ ಗೋಡೆ ಎಬ್ಬಿಸಬೇಕು, ಇಲ್ಲದಿದ್ದರೆ ಮೊದಲು ಮಡಚಿಕೊಳ್ಳುವುದೇ ಈ ಕೆಳ ಅಂತಸ್ತು ಎಂದ. ಹಾಗೆ ಮಾಡಿದರೆ ಅರ್ಧದಷ್ಟು ಗಾಡಿಗಳಿಗೆ ಜಾಗ ಉಳಿಯುತ್ತಿರಲಿಲ್ಲ.

ಆ ಸಭೆಗೆ ನಾನೂ ಹೋಗಿದ್ದೆ. ಕಟ್ಟಡದ ಸಂಘದ ಕಾರ್ಯದರ್ಶಿ ಎಲ್ಲವನ್ನೂ ಕೇಳಿಸಿಕೊಂಡು, "ಹಾಗಾದ್ರೆ ಗಾಡೀನ ತಲೆ ಮೇಲೆ ಹೊತ್ಕೊಂಡು ಮನೆಗೆ ಹೋಗೋಣ್ವಾ ಟೀಚರ್?" ಎಂದ. ಎಲ್ಲರೂ ನಕ್ಕರು. ನನಗೂ ನಗು ಬಂತು, ಅಕ್ಕನ ಮುಖ ನೋಡಿ ನುಂಗಿಕೊಂಡೆ. ಕಂಬದ ಮಾತನ್ನು ಮುಂದಿನ ವರ್ಷಕ್ಕೆ ತಳ್ಳಿ, ಆ ವರ್ಷ ಕಟ್ಟಡಕ್ಕೆ ಬಣ್ಣ ಹೊಡೆಸಿದರು. ತಿಳಿ ಹಳದಿ. ಕಂಬಗಳಿಗೂ ಹೊಡೆದರು.

"ನಮ್ಮನೆಗೆ ಬಂದ್ಬಿಡು," ಎಂದು ನಾನು ಎಷ್ಟೋ ಸಲ ಹೇಳಿದೆ. ನಮ್ಮದು ಡಿಪೋದವರ ವಸತಿ, ಒಂದೇ ಅಂತಸ್ತು, ಹಗುರವಾದ ಸೂರು. ಬಿದ್ದರೂ ತಲೆ ಒಡೆಯುವಷ್ಟು ಭಾರವಿಲ್ಲ.

"ನಾನೇ ಗಂಟುಮೂಟೆ ಕಟ್ಟಿದ್ರೆ ಉಳಿದವರು ಸುಮ್ನೆ ಕೂತ್ಬಿಡ್ತಾರೆ ಕಣೋ. ಇಲ್ಲೇ ಇದ್ದು ಅವರ ತಲೆ ತಿಂದ್ರೆ ಇವತ್ತಲ್ಲ ನಾಳೆ ಒಪ್ತಾರೆ."

"ಅಷ್ಟರೊಳಗೆ ಬಿದ್ದೋದ್ರೆ?"

"ಬಿದ್ರೆ ನೀನಿದ್ದೀಯಲ್ಲ, ತೆಗಿ. ಅದಕ್ಕೇ ತಾನೇ ಇಷ್ಟು ದಿನ ಕಲಿಸಿದ್ದು?"

ಅವಳು ಇದನ್ನು ಚಪಾತಿ ಲಟ್ಟಿಸುವವಳ ಹಾಗೆ, ಕೆಲಸದ ನಡುವೆ, ತಲೆ ಎತ್ತದೆ ಹೇಳಿದಳು. ನನಗೆ ಮೈ ಉರಿಯಿತು. ಅವತ್ತು ಜಗಳವಾಡಿಯೇ ಮನೆಗೆ ಬಂದೆ.

ಅವಳು ಕಲಿಸಿದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಮೌನ. ಮೈದಾನದ ಅಂಚಿನಲ್ಲಿ ಚರಂಡಿ ಕೆಲಸದವರು ಬಿಟ್ಟುಹೋದ ಒಂದು ದೊಡ್ಡ ಸಿಮೆಂಟಿನ ಕೊಳವೆ ಬಿದ್ದಿತ್ತು. ತಂಡದ ಒಬ್ಬರು ಅದರೊಳಗೆ ಹೋಗಿ ಮಲಗಬೇಕು. ಎರಡೂ ಬಾಯಿಗಳನ್ನು ಮರಳಿನ ಮೂಟೆಯಿಂದ ಮುಚ್ಚುತ್ತಿದ್ದೆವು. ಆಮೇಲೆ ಮುಖಂಡ ಸೀಟಿ ಊದಬೇಕು. ಯಾರ ಸೀಟಿಯಾದರೂ ಸರಿ, ಎಲ್ಲಿಂದ ಕೇಳಿದರೂ ಸರಿ, ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಹಾರೆ ನೆಲಕ್ಕೆ ತಾಗಬಾರದು, ಕೆಮ್ಮಬಾರದು. ಆ ಮೌನದಲ್ಲಿ ಹೊರಗಿನವರು ಮೂರು ಸಲ ತಟ್ಟಬೇಕು. ಒಳಗಿರುವವರು ಕೂಗಿ ಉಸಿರು ಕಳೆದುಕೊಳ್ಳದೆ ಮೂರು ಸಲ ತಟ್ಟಬೇಕು. ಕೇಳಿಸಿತು ಎಂದು ಹೇಳುವುದಕ್ಕೆ ಹೊರಗಿನವರು ಮತ್ತೆ ಮೂರು ಸಲ ತಟ್ಟಬೇಕು.

ನಗರಸಭೆಯವರು ಕೊಟ್ಟಿದ್ದ ಪುಸ್ತಿಕೆಯಲ್ಲಿ ಹೊರಗಿನವರು ತಟ್ಟುವ ಮಾತೇ ಇರಲಿಲ್ಲ. ಅದು ಅಕ್ಕ ಸೇರಿಸಿದ್ದು. "ಯಾಕೆ ಇದೊಂದು ಹೆಚ್ಚಿಗೆ?" ಎಂದು ನಾನೇ ಕೇಳಿದ್ದೆ.

"ನೀನು ಒಳಗೆ ಮಲಗಿ ನೋಡಿದೀಯಾ? ತಟ್ಟಿ ತಟ್ಟಿ ಕೈ ಸೋತಿರತ್ತೆ. ಯಾರಿಗಾದ್ರೂ ಕೇಳಿಸ್ತೋ ಇಲ್ವೋ ಗೊತ್ತಾಗಲ್ಲ. ಪಾಪ, ಒಳಗಿರೋರಿಗೆ ಒಂದು ಉತ್ತರ ಬೇಡ್ವೇನೋ?"

ನಾನು ಒಳಗೆ ಮಲಗಿ ನೋಡಿದೆ. ಕತ್ತಲು, ಸಿಮೆಂಟಿನ ವಾಸನೆ, ನನ್ನದೇ ಎದೆಬಡಿತ. ಮೇಲಿನಿಂದ ಟಕ್ ಟಕ್ ಟಕ್ ಎಂದು ಉತ್ತರ ಬಂದಾಗ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಅವಳು ಸರಿ ಅನ್ನಿಸಿತು. ಎಲ್ಲರಿಗೂ ಹಾಗೇ ಅನ್ನಿಸಿತ್ತು.

ಇದ್ದದ್ದು ಒಂದೇ ಕೊಳವೆ. ಹಾಗಾಗಿ ಒಂದು ವಾರ ನಮ್ಮ ತಂಡ, ಇನ್ನೊಂದು ವಾರ ಹಿಂದಿನ ಗಲ್ಲಿಯವರು. ಎರಡೂ ತಂಡ ಒಟ್ಟಿಗೆ ಅಭ್ಯಾಸ ಮಾಡಿದ್ದೇ ಇಲ್ಲ. ಮಾಡಬೇಕೆಂದು ಯಾರಿಗೂ ಹೊಳೆಯಲೂ ಇಲ್ಲ.

ಕೊನೆಯ ಅಭ್ಯಾಸದ ದಿನ ಅಕ್ಕ ಕೊರಳಿನ ಸೀಟಿ ತೆಗೆದು ನನ್ನ ಕೊರಳಿಗೆ ಹಾಕಿದಳು. "ಇನ್ಮೇಲೆ ಇದನ್ನ ನೀನೇ ಊದು. ನನಗೆ ಮೊದಲಿನ ಹಾಗೆ ಉಸಿರು ಬರಲ್ಲ. ನಿನಗೆ ಹಳೇ ಬಸ್ಸಿನ ಹಾರನ್ನು ಊದಿದ ಹಾಗೆ ಬರತ್ತೆ, ಯಾರಿಗಾದ್ರೂ ಗುರುತು ಸಿಗತ್ತೆ."

"ನಿನಗೆ?"

"ನಾನು ಬೇರೆ ತಗೊಳ್ತೀನಿ ಬಿಡು."

ಊರವರ ಮಂಚದ ಪಕ್ಕದಲ್ಲೆಲ್ಲ ಸೀಟಿ ತೂಗುಹಾಕಿಸಿದವಳು ತನಗೆ ಬೇರೆ ಕೊಳ್ಳಲಿಲ್ಲ.

ಅವತ್ತು ಬೆಳಿಗ್ಗೆ ಮಕ್ಕಳು ಶಾಲೆಗೆ, ದೊಡ್ಡವರು ಕೆಲಸಕ್ಕೆ ಹೋಗಿ ಆಗಿತ್ತು. ನಾನು ಡಿಪೋದ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದೆ. ಮೊದಲು ಬಸ್ಸುಗಳ ಗಾಜುಗಳು ಹಲ್ಲು ಕಡಿದ ಹಾಗೆ ಸದ್ದು ಮಾಡಿದವು. ಆಮೇಲೆ ನೆಲ ನನ್ನ ಕಾಲ ಕೆಳಗಿನಿಂದ ಪಕ್ಕಕ್ಕೆ ಹೋಯಿತು. ನಡುಕ ನಿಂತ ನಂತರ ನೋಡಿದರೆ ಊರಿನ ಮೇಲೆ ಧೂಳು ಎದ್ದಿತ್ತು. ಯಾವ ದಿಕ್ಕಿಗೆ ನೋಡಿದರೂ ಅದೇ.

ಓಡಿದೆ. ದಾರಿಯಲ್ಲಿ ನಿಂತಿದ್ದ ಮನೆಗಳೇ ಹೆಚ್ಚು, ಅದನ್ನು ಹೇಳಬೇಕು. ಬೀರು ಬಿಗಿಸಿದ್ದವರ ಬೀರು ಬಿದ್ದಿರಲಿಲ್ಲ. ಗ್ಯಾಸ್ ಮುಚ್ಚಿ ಹೊರಗೆ ಬಂದು ಕೂಸುಗಳನ್ನು ಅವಚಿಕೊಂಡು ನಿಂತಿದ್ದವರು ನನ್ನನ್ನು ನೋಡಿ, "ಟೀಚರ್ ಎಲ್ಲಿ?" ಎಂದು ಕೇಳಿದರು. ಅವಳ ಮಾತನ್ನು ಎಂದೂ ಕಿವಿಗೆ ಹಾಕಿಕೊಂಡವರಲ್ಲ ಎಂದು ನಾನು ತಿಳಿದಿದ್ದ ಜನ.

ತಿಳಿ ಹಳದಿ ಕಟ್ಟಡ ಎರಡು ಆಳಿನಷ್ಟು ಕುಳ್ಳಾಗಿತ್ತು. ಕೆಳ ಅಂತಸ್ತು ಇರಲೇ ಇಲ್ಲ. ಮೊದಲ ಮಹಡಿ ಅರ್ಧ ನುಜ್ಜಾಗಿ, ಮೇಲಿನದೆಲ್ಲ ಒಂದು ಪಕ್ಕಕ್ಕೆ ಜಾರಿ ಕೂತಿತ್ತು. ಮೇಲಿನ ಮಹಡಿಯವರು ಕೆಲವರು ಕಿಟಕಿಯಿಂದ ಇಳಿದು ಬಂದಿದ್ದರು. ಕಾರ್ಯದರ್ಶಿ ಬೀದಿಯಲ್ಲಿ ಬರಿಗಾಲಲ್ಲಿ ನಿಂತು, ಯಾರೂ ಏನೂ ಕೇಳದಿದ್ದರೂ, "ಮುಂದಿನ ವರ್ಷ ಮಾಡ್ಸೋಣ ಅಂತಿತ್ತು, ಮುಂದಿನ ವರ್ಷ," ಎನ್ನುತ್ತಿದ್ದ. ಅವನಿಗೆ ಹೊಡೆಯಬೇಕೆನಿಸಿತು. ಹೊಡೆಯುವುದಕ್ಕೂ ಸಮಯವಿರಲಿಲ್ಲ.

ನನ್ನ ತಂಡದವರು ಒಬ್ಬೊಬ್ಬರಾಗಿ ಬಂದರು. ನನ್ನ ಹೆಂಡತಿಯೂ ಹಾರೆ ಹಿಡಿದು ಬಂದಳು. ಬಂದವಳೇ, "ಅಕ್ಕ ಮುಂದಿನ ಕೋಣೆಯಲ್ಲಿರ್ತಾರೆ, ಮೇಜಿನ ಕೆಳಗೆ, ಮೆಟ್ಟಿಲ ಮಗ್ಗುಲಲ್ಲಿ," ಎಂದಳು. ಸರಿಯಾದ ಮಾತು. ಆದರೆ ಕಟ್ಟಡ ಜಾರಿದ್ದರಿಂದ ಮೆಟ್ಟಿಲು ಎಲ್ಲಿದೆ ಎನ್ನುವುದೇ ತಿಳಿಯುತ್ತಿರಲಿಲ್ಲ. ಕಾಣುತ್ತಿದ್ದದ್ದು ಒಂದು ಕಬ್ಬಿಣದ ನೀರಿನ ಪೈಪು. ಅದು ಅಡುಗೆಮನೆಗಳ ಸಾಲಿನಲ್ಲಿ ಈ ಬೀದಿಯಿಂದ ಹಿಂದಿನ ಗಲ್ಲಿಯವರೆಗೂ ಹೋಗುತ್ತಿದ್ದ ಪೈಪು.

ಸೀಟಿ ಊದಿದೆ. ಬೀದಿಗೆ ಬೀದಿಯೇ ನಿಂತಿತು. ಅಳುತ್ತಿದ್ದವರೂ ಬಾಯಿಗೆ ಸೆರಗು ಒತ್ತಿಕೊಂಡರು. ಅಷ್ಟು ಚೆನ್ನಾಗಿ ಕಲಿಸಿದ್ದಳು. ನಾನು ಪೈಪಿನ ಮೇಲೆ ಸುತ್ತಿಗೆಯಿಂದ ಮೂರು ಸಲ ತಟ್ಟಿ ಕಿವಿ ಇಟ್ಟೆ.

ಟಕ್. ಟಕ್. ಟಕ್.

ಹೆಂಡತಿಯನ್ನು ಎಳೆದು ಅವಳ ಕಿವಿಯನ್ನೂ ಪೈಪಿಗೆ ಹಚ್ಚಿದೆ. ಮತ್ತೆ ತಟ್ಟಿದೆ, ಮತ್ತೆ ಬಂತು. "ಅಕ್ಕನೇ!" ಎಂದು ಕಿರುಚಿ ಅವಳು ಅಲ್ಲೇ ಕೂತುಬಿಟ್ಟಳು. "ಅಡುಗೆಮನೆಯಲ್ಲೇ ಸಿಕ್ಕೊಂಡಿದ್ದಾರೆ, ಬರೋಕಾಗಿಲ್ಲ ಪಾಪ!" ಮೇಜು, ಮೆಟ್ಟಿಲು ಎಲ್ಲ ಇಬ್ಬರಿಗೂ ಮರೆತುಹೋಯಿತು. ಉತ್ತರ ಕೊಡುತ್ತಿರುವ ಕಡೆಯನ್ನು ಬಿಟ್ಟು ಬೇರೆ ಕಡೆ ಯಾರು ಅಗೆಯುತ್ತಾರೆ?

ಪೈಪಿನ ಗುಂಟ ಅಗೆದೆವು. ಬಸ್ಸಿನ ಜಾಕಿ ತರಿಸಿ ಚಪ್ಪಡಿ ಎತ್ತಿ, ಅದರ ಅಡಿ ಮರದ ತುಂಡು ಕೊಟ್ಟು, ಬಕೆಟ್ಟಿನಲ್ಲಿ ಕಲ್ಲುಮಣ್ಣು ಕೈಯಿಂದ ಕೈಗೆ ದಾಟಿಸಿ ಒಳಗೆ ತೆವಳಿದೆ. ಆಗಾಗ ನಿಲ್ಲಿಸಿ ಸೀಟಿ ಊದುತ್ತಿದ್ದೆ. ಪ್ರತಿ ಸಲವೂ ಮೌನ, ಪ್ರತಿ ಸಲವೂ ನಾನು ತಟ್ಟುವುದು, ಪ್ರತಿ ಸಲವೂ ಉತ್ತರ. ಉತ್ತರ ಹತ್ತಿರವಾಗುತ್ತಿತ್ತು, ಜೋರಾಗುತ್ತಿತ್ತು. ಬೇರೆ ಸೀಟಿಗಳೂ ಕೇಳುತ್ತಿದ್ದವು. ಆಗ ನಾವೂ ಸುಮ್ಮನಾಗುತ್ತಿದ್ದೆವು. ಊರ ತುಂಬ ಎಲ್ಲೆಲ್ಲೂ ಅಗೆಯುತ್ತಿದ್ದರಲ್ಲ, ಯಾವುದೋ ಬೀದಿಯದಿರಬೇಕು ಎಂದುಕೊಂಡೆವು.

ಒಳಗೆ ತೆವಳಿಕೊಂಡು ಅವಳೊಂದಿಗೆ ಮಾತಾಡುತ್ತಲೇ ಇದ್ದೆ. ಬಂದೆ ಕಣೇ, ಇನ್ನೇನು ಬಂದೆ. ಎಲ್ಲರೆದುರು ಮರ್ಯಾದೆ ತೆಗೆದೆಯಲ್ಲ, ಅಡುಗೆಮನೆಯಲ್ಲಿ ನಿಲ್ಲಬೇಡಿ ಎಂದು ಊರಿಗೆಲ್ಲ ಹೇಳಿ ನೀನೇ ನಿಂತಿದ್ದೀಯಲ್ಲ. ಹೊರಗೆ ಬಾ, ನಿನ್ನನ್ನು ಸಾಯುವವರೆಗೂ ಆಡಿಕೊಳ್ಳುತ್ತೇನೆ. ಹೀಗೆಲ್ಲ. ನಾನು ಅಷ್ಟು ಸಂತೋಷವಾಗಿ ಎಂದೂ ಕೆಲಸ ಮಾಡಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ನನ್ನ ಮುಂದಿನ ಇಟ್ಟಿಗೆಗಳು ಆಚೆ ಕಡೆಯಿಂದ ಅಲುಗಾಡಿದವು. ಒಂದು ಇಟ್ಟಿಗೆ ಸರಿಯಿತು. ಆ ಸಂದಿಯಿಂದ ಒಂದು ಕೈ ಬಂತು. ಹಳದಿ ಕೈಗವಸು ಹಾಕಿದ ಕೈ.

"ಟೀಚರ್?" ಎಂದಿತು ಆಚೆಯ ದನಿ. ಔಷಧಿ ಅಂಗಡಿಯವನದು.

ನಾನು ಆ ಕೈಯನ್ನು ಹಿಡಿದುಕೊಂಡಿದ್ದೆ. ಬಿಡಲು ಸ್ವಲ್ಪ ಹೊತ್ತು ಬೇಕಾಯಿತು. ಅವನ ತಂಡ ಶಾಲೆಯ ಮಕ್ಕಳನ್ನೆಲ್ಲ ಹೊರಗೆ ತಂದು ನಿಲ್ಲಿಸಿ, ಟೀಚರ್ ಒಳಗಿದ್ದಾರೆ ಎಂದು ಕೇಳಿ ಗಲ್ಲಿಯ ಕಡೆಯಿಂದ ಬಂದಿತ್ತು. ಸುತ್ತಿ ಬರುವ ದಾರಿ ಗೋಡೆ ಬಿದ್ದು ಮುಚ್ಚಿತ್ತು, ಫೋನು ಸತ್ತಿತ್ತು. ಪೈಪಿಗೆ ಕಿವಿ ಇಟ್ಟಾಗ ಅವರಿಗೆ ಮೂರು ತಟ್ಟು ಕೇಳಿಸಿತ್ತು. ಕೇಳಿಸಿದ ಕೂಡಲೇ ಅಕ್ಕ ಕಲಿಸಿದ ಹಾಗೆ ಉತ್ತರ ಕೊಟ್ಟಿದ್ದರು. ಇಡೀ ದಿನ ನಾವು ಅವರಿಗೆ ಅಕ್ಕ, ಅವರು ನಮಗೆ ಅಕ್ಕ.

"ನೀವಾ?" ಎಂದ ಅವನು. ಆಮೇಲೆ ಅಲ್ಲೇ, ಆ ಬಿಲದಲ್ಲಿ, ಚಿಕ್ಕ ಮಗುವಿನ ಹಾಗೆ ಅತ್ತ. ನನಗೆ ಅಳು ಬರಲಿಲ್ಲ. ಹಿಂದಕ್ಕೆ ತೆವಳಿ ಹೊರಗೆ ಬಂದು, ಹೆಂಡತಿಯ ಮುಖ ನೋಡಿ, "ಮೆಟ್ಟಿಲು ಎಲ್ಲಿ?" ಎಂದೆ.

ಎರಡೂ ತಂಡ ಸೇರಿ ಅಗೆದವು. ಮಾರನೆಯ ದಿನ ಸಿಕ್ಕಳು, ಉಸಿರಿರಲಿಲ್ಲ. ಹೆಂಡತಿ ಹೇಳಿದ ಕಡೆಯೇ, ಅವಳು ಊರಿಗೆಲ್ಲ ಹೇಳಿದ ಹಾಗೆಯೇ, ಮೇಜಿನ ಕೆಳಗೆ. ಮೇಜು ಮುರಿದಿರಲಿಲ್ಲ. ಅವಳ ಕಾಲ ಮೇಲೆ ಮಾತ್ರ ಗೋಡೆ ಬಿದ್ದಿತ್ತು. ಬಾಗಿಲ ಚೀಲ ಅವಳ ಪಕ್ಕದಲ್ಲಿತ್ತು. ನೀರಿನ ಬಾಟಲಿ ಖಾಲಿಯಾಗಿತ್ತು, ಮುಚ್ಚಳ ಬಿಗಿಯಾಗಿ ತಿರುಗಿಸಿತ್ತು. ಮುಚ್ಚಳ ಬಿಗಿಸದವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಬಲಗೈಯಲ್ಲಿ ಸ್ಟೀಲಿನ ಲೋಟ. ಅದರ ಅಡಿ ಪೂರ್ತಿ ನಗ್ಗಿಹೋಗಿತ್ತು. ಕೆಳ ಅಂತಸ್ತಿನಿಂದ ನೆಲ ಸೀಳಿ ಪಕ್ಕದಲ್ಲಿ ಎದ್ದಿದ್ದ ಕಂಬದ ಹಳದಿ ಬಣ್ಣ ಅಂಗೈಯಗಲ ಉದುರಿ ಸಿಮೆಂಟು ಕಾಣುತ್ತಿತ್ತು.

ನಮ್ಮ ಪೈಪಿನ ಸದ್ದಿಲ್ಲದಿದ್ದರೆ ಆ ಲೋಟದ ಸದ್ದು ಕೇಳಿಸುತ್ತಿತ್ತೇ? ಎಂಜಿನಿಯರು, ಅಷ್ಟು ದಪ್ಪ ಕಲ್ಲುಮಣ್ಣಿನಿಂದ ಕೇಳಿಸುತ್ತಿರಲಿಲ್ಲ ಎಂದ. ಸಮಾಧಾನಕ್ಕೆ ಹೇಳಿದ್ದು. ಹೇಳುವಾಗ ನನ್ನ ಮುಖ ನೋಡಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ಈಗ ಆ ಜಾಗದಲ್ಲಿ ಬೇರೆ ಕಟ್ಟಡ ಏಳುತ್ತಿದೆ. ಕೆಳ ಅಂತಸ್ತಿಗೆ ಗೋಡೆ ಹಾಕುತ್ತಿದ್ದಾರೆ, ಕಂಬಗಳೂ ದಪ್ಪಗಿವೆ. ಅದೇ ಕಾರ್ಯದರ್ಶಿ ಬಂದು ಮುಟ್ಟಿ ಮುಟ್ಟಿ ನೋಡಿ ಹೋಗುತ್ತಾನೆ. ಅವತ್ತು ಅದೇ ಕಟ್ಟಡದಲ್ಲಿ ಅವನು ತನ್ನ ಅಮ್ಮನನ್ನು ಕಳೆದುಕೊಂಡ. ಅದು ಗೊತ್ತಾದ ಮೇಲೆ ಅವನ ಮೇಲಿನ ನನ್ನ ಸಿಟ್ಟು ಇಟ್ಟುಕೊಳ್ಳಲು ಜಾಗವಿಲ್ಲದೆ ನನ್ನಲ್ಲೇ ಉಳಿದಿದೆ. ಎರಡು ಬೀದಿ ಆಚೆ ಇನ್ನೂ ಸಪೂರ ಕಂಬದ ಕಟ್ಟಡಗಳಿವೆ. ಅವರೂ ಮುಂದಿನ ವರ್ಷ ಎನ್ನುತ್ತಾರೆ. ನಾನು ಹೋಗಿ ಅವರ ತಲೆ ತಿನ್ನುತ್ತೇನೆ. ಹಿಂದಿನಿಂದ ಅವರು ನನಗೆ ಏನು ಹೆಸರಿಟ್ಟಿದ್ದಾರೋ ಗೊತ್ತಿಲ್ಲ.

ಮೈದಾನಕ್ಕೆ ಇನ್ನೊಂದು ಕೊಳವೆ ತರಿಸಿದ್ದೇವೆ. ಎರಡೂ ತಂಡ ಒಟ್ಟಿಗೇ ಅಭ್ಯಾಸ ಮಾಡುತ್ತವೆ. ನಿಯಮ ಬದಲಾಗಿದೆ. ಸೀಟಿ ಊದಿದ ಮೇಲೆ ಹೊರಗಿನವರು ಯಾರೂ ಏನನ್ನೂ ತಟ್ಟಬಾರದು. ತಟ್ಟುವುದು ಒಳಗಿರುವವರು ಮಾತ್ರ. ಔಷಧಿ ಅಂಗಡಿಯವನು ಸೀಟಿ ಕೇಳಿದ ಕೂಡಲೇ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಲ್ಲುತ್ತಾನೆ.

ಕಳೆದ ವಾರ ನನ್ನ ಹೆಂಡತಿ ಒಳಗೆ ಮಲಗಿದ್ದಳು. ಸೀಟಿ ಊದಿದೆ. ಮೌನ. ಒಳಗಿನಿಂದ ಮೂರು ತಟ್ಟು ಸಣ್ಣಗೆ ಬಂತು. ಅಷ್ಟರಲ್ಲಿ ಹೊಸದಾಗಿ ಸೇರಿದ್ದ ಒಬ್ಬ ಬಾಣಸಿಗ, ಒಳ್ಳೆಯ ಮನುಷ್ಯ, ಬಗ್ಗಿ ಹಾರೆಯ ತುದಿಯಿಂದ ಕೊಳವೆಗೆ ಟಕ್ ಟಕ್ ಟಕ್ ಎಂದು ತಟ್ಟಿದ.

"ಯಾರದು ಕೈ? ಯಾರ್ರೀ ತಟ್ಟಿದ್ದು?" ಎಂದು ನಾನು ಮೈದಾನವೆಲ್ಲ ಕೇಳುವ ಹಾಗೆ ಅರಚಿದೆ. ಹಾರೆಯನ್ನು ಅವನ ಕೈಯಿಂದ ಕಿತ್ತು ಎಸೆದೆ.

ಅವನು ಹೆದರಿ ಎರಡು ಹೆಜ್ಜೆ ಹಿಂದೆ ಸರಿದ. "ತಪ್ಪಾಯ್ತಣ್ಣ. ಪಾಪ, ಒಳಗಿರೋರಿಗೆ ಒಂದು ಉತ್ತರ ಬೇಡ್ವಾ ಅಂತ... ಯಾರೋ ಇದ್ದಾರೆ ಅಂತ ಅವರಿಗೆ ಹೇಗೆ ಗೊತ್ತಾಗ್ಬೇಕು?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಔಷಧಿ ಅಂಗಡಿಯವನು ನೆಲ ನೋಡುತ್ತಿದ್ದ. ಭೂಮಿ ನಡುಗಿದ ದಿನ ನಾನು ಎಷ್ಟು ಸಲ ಸೀಟಿ ಊದಿದ್ದೆ. ಅವಳದೇ ಸೀಟಿ, ಹಳೇ ಬಸ್ಸಿನ ಹಾರನ್ನಿನ ಹಾಗೆ. ಅದು ಕೇಳಿಸಿದಾಗಲೆಲ್ಲ ಅವಳು ಲೋಟ ಎತ್ತಿಕೊಂಡಿರಬೇಕು.

"ಗೊತ್ತಾಗತ್ತೆ," ಎಂದೆ. "ಸೀಟಿ ಕೇಳ್ಸತ್ತೆ. ಊದ್ತಿರೋದು ಯಾರು ಅಂತಾನೂ ಗೊತ್ತಾಗತ್ತೆ."

ಅವನ ಹಾರೆಯನ್ನು ಎತ್ತಿ ತಂದು ಅವನ ಕೈಗೇ ಕೊಟ್ಟೆ. ಒಳಗಿದ್ದ ನನ್ನ ಹೆಂಡತಿ ಇನ್ನೂ ಕಾಯುತ್ತಿದ್ದಳು. ಮತ್ತೆ ಸೀಟಿ ಊದಿದೆ, ಈ ಸಲ ಯಾರೂ ಅಲುಗಾಡಲಿಲ್ಲ.